ಮಿರಗದ ಮಳೆಗೂ ಮೊದಲು: ಮನೆ ರಿಪೇರಿ, ನಮ್ಮೂರ ಸುತ್ತಾಟ

ಹಳೆ ಮನೆ ರಿಪೇರಿಗೆ ಕೈ ಹಾಕಿದವರಿಗೆ ಇದು ಗೊತ್ತಿರುತ್ತದೆ. ಕೆಲಸ ನಡೆಯುವ ದಿನ ಹೇಗೋ ಕಳೆದುಹೋಗುತ್ತದೆ, ಗೌಂಡಿ ಬರದ ದಿನ ಕಳೆಯುವುದೇ ಕಷ್ಟ. ಕೂರಲು ಜಾಗವಿಲ್ಲ, ಅಡುಗೆಗೆ ಕಟ್ಟೆಯಿಲ್ಲ, ಎಲ್ಲಿ ಕೈ ಇಟ್ಟರೂ ಧೂಳು. ಗೋಕಾಕದ ನಮ್ಮ ಮನೆಯಲ್ಲಿ ಫೆಬ್ರವರಿಯಿಂದ ಮೇ ಕೊನೆಯವರೆಗೆ ಇದೇ ಸ್ಥಿತಿ. ಹಾಗಾಗಿ ಭಾನುವಾರ ಬಂತೆಂದರೆ ನಾನು, ಅವ್ವ, ಅಪ್ಪ ರೊಟ್ಟಿ ಬುತ್ತಿ ಕಟ್ಟಿಕೊಂಡು ಕಾರು ಹತ್ತಿಬಿಡುತ್ತಿದ್ದೆವು. ದೂರವೇನಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕು ಬಿಟ್ಟು ಆಚೆ ಹೋಗಿಲ್ಲ.

ನಾನು ಪುಣೆಯಲ್ಲಿ ಕೆಲಸ ಮಾಡುತ್ತೇನೆ. ರಜೆಗೆ ಊರಿಗೆ ಬಂದರೆ ಎರಡು ದಿನ ಮಲಗಿ, ಆಫೀಸಿನವರಿಗೆ ಕರದಂಟು ಕೊಂಡು ವಾಪಸು ಹೋಗುವುದು ರೂಢಿ. ಈ ಸಲ ವರ್ಕ್ ಫ್ರಮ್ ಹೋಮ್ ಕೇಳಿಕೊಂಡು ನಾಲ್ಕು ತಿಂಗಳು ಇಲ್ಲೇ ಉಳಿದೆ. ಊರನ್ನು ಪ್ರವಾಸಿಯ ಹಾಗೆ ಸುತ್ತಿ ನೋಡಿದ್ದು ಇದೇ ಮೊದಲು. ಅದು ಬರೀ ಟೈಂಪಾಸ್ ಆಗಲಿಲ್ಲ. ಮನೆಯಲ್ಲಿ ಏನು ಉಳಿಸಬೇಕು, ಏನು ಕೆಡವಬೇಕು ಎಂಬ ಜಗಳ ಆ ಭಾನುವಾರಗಳಲ್ಲೇ ಒಂದೊಂದಾಗಿ ಬಗೆಹರಿಯಿತು.

ಜಗಳ ಏನಿತ್ತು?

ಮನೆ ಅಜ್ಜ ಕಟ್ಟಿಸಿದ್ದು. ಎದೆಮಟ್ಟದವರೆಗೆ ಕಲ್ಲಿನ ಗೋಡೆ, ಅದರ ಮೇಲೆ ಹಸಿ ಇಟ್ಟಂಗಿಯ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಮೇಲ್ಮುದ್ದೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಬಚ್ಚಲು.

2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಘಟಪ್ರಭೆಯಲ್ಲಿ ಬಂತು, ಮಳೆಗೆ ಉಕ್ಕಿದ ಮಾರ್ಕಂಡೇಯ ನದಿ ಇನ್ನೊಂದು ಕಡೆಯಿಂದ ಬಂತು. ಲೋಳಸೂರ ಸೇತುವೆ ಮುಳುಗಿತು. ನದಿ ಬದಿಯ ಓಣಿಗಳ ಜನರೆಲ್ಲ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ನಮ್ಮ ಪಡಸಾಲೆಯಲ್ಲಿ ಸೊಂಟದ ಮೇಲೆ ನೀರು ನಿಂತಿತು. 2021ರ ಜುಲೈನಲ್ಲಿ ಮತ್ತೆ ಬಂದಾಗ ಮೊಳಕಾಲುಮಟ್ಟ. 2024ರ ಜುಲೈನಲ್ಲಿ ಓಣಿಯ ಬಾಯಿಗೆ ಬಂದು ನಿಂತು ಹಿಂದಕ್ಕೆ ಸರಿಯಿತು. ಗೋಡೆ ಬೀಳಲಿಲ್ಲ. ಆದರೆ ಗಿಲಾವು ಉದುರಿತು, ಪ್ಲೈವುಡ್ ಬಾಗಿಲು ಉಬ್ಬಿದವು, ಹಿಂದಿನ ಛಾವಣಿ ಸೋರತೊಡಗಿತು.

ಕಾಕಾ ಹೇಳುತ್ತಿದ್ದುದು, "ಮಾರಿಬಿಡ್ರಿ. ಎತ್ತರದಾಗ ಒಂದ್ ಎನ್ಎ ಪ್ಲಾಟ್ ತಗೊಂಡ್ರ ಮುಗೀತು."

ಅಪ್ಪನದು, "ಪೂರಾ ಕೆಡವಿ ಸ್ಲ್ಯಾಬ್ ಹಾಕ್ಸೂಣು. ಮಣ್ಣಿನ ಮನಿ ಕಾಲ ಹೋತು."

ಅವ್ವನದು ಒಂದೇ ಮಾತು. "ನೀರು ಬಂತು, ಹೋತು. ಮನಿ ಇಲ್ಲೇ ಐತಲ್ಲ? ಕೆಡವಾಕ ಅದೇನು ತಪ್ಪ ಮಾಡೇತಿ?"

ದುಡ್ಡು ನನ್ನ ಉಳಿತಾಯದ್ದು, 6 ಲಕ್ಷ. ಗಡುವು ಮಳೆಯದ್ದು. ಜೂನ್ ಮೊದಲ ವಾರ ದಾಟಿದರೆ ಮಿರಗ ಕೂಡುತ್ತದೆ. ಅಷ್ಟರಲ್ಲಿ ಮನೆಗೆ ತಲೆ ಇರಲೇಬೇಕು.

ನೀರಿಲ್ಲದ ಫಾಲ್ಸ್

ಮೊದಲ ವಾರ ಗೌಂಡಿ ಗೋಡೆಯ ಹಳೆ ಗಿಲಾವು ಪೂರ್ತಿ ಉದುರಿಸಿದರು. ಎಪ್ಪತ್ತರ ಹತ್ತಿರದ ಹಿರಿಯರು, ನಮ್ಮಪ್ಪನಿಗೂ ಅಣ್ಣ ಎನ್ನುವ ವಯಸ್ಸು. ಕಲ್ಲಿನ ಗೋಡೆಯನ್ನು ಸುತ್ತಿಗೆಯಿಂದ ಬಡಿದು ಕಿವಿ ಕೊಟ್ಟು ಕೇಳಿದರು. "ತಂಗೆವ್ವಾ, ಇದು ನಮ್ಮ ಫಾಲ್ಸಿನ ಕಲ್ಲು ಇದ್ದಂಗ ಐತಿ. ಇದನ್ನ ಮುಟ್ಟೂದು ಬ್ಯಾಡ" ಎಂದರು.

ಹಾಗಾದರೆ ನೋಡಿಯೇ ಬರೋಣ ಎಂದು ಆ ಭಾನುವಾರ ಫಾಲ್ಸಿಗೆ ಹೋದೆವು. ಊರಿನಿಂದ ಸುಮಾರು 6 ಕಿಲೋಮೀಟರ್. ಮಳೆಗಾಲದಲ್ಲಿ ಘಟಪ್ರಭೆ ಇಲ್ಲಿ ಕುದುರೆ ಲಾಳದ ಆಕಾರದ ಬಂಡೆಯಂಚಿನಿಂದ 52 ಮೀಟರ್, ಅಂದರೆ 171 ಅಡಿ, ಕೆಳಗೆ ಧುಮುಕುತ್ತದೆ. ಆಗ ಕೆಂಪು ನೀರಿನ ಆರ್ಭಟ, ತುಂತುರು, ಸೆಲ್ಫಿಯ ಜನಜಂಗುಳಿ. ಬೇಸಿಗೆಯಲ್ಲಿ ನೀರು ಒಂದು ಎಳೆಯಾಗಿ ಇಳಿಯುತ್ತಿರುತ್ತದೆ. ಜನ "ಏನೂ ಇಲ್ಲ" ಎಂದು ತಿರುಗಿ ಹೋಗುತ್ತಾರೆ. ನನಗೆ ಇಷ್ಟವಾಗಿದ್ದು ಅದೇ. ನೀರಿಲ್ಲದಾಗ ಕಲ್ಲು ಕಾಣುತ್ತದೆ. ಪದರ ಪದರವಾದ ಮರಳುಗಲ್ಲು. ಬಾಗಲಕೋಟೆಯ ಕಲಾದಗಿಯವರೆಗೂ ಹಬ್ಬಿರುವ ಶಿಲಾಸ್ತರದ ಭಾಗ ಇದು, ಭೂವಿಜ್ಞಾನಿಗಳು ಆ ಊರಿನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಇಷ್ಟು ವರ್ಷ ಇಷ್ಟು ನೀರು ಬಿದ್ದರೂ ಅಂಚು ಹಾಗೇ ನಿಂತಿದೆ.

ದಂಡೆಯ ಮೇಲೆ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ ಇದೆ. ಸಿಮೆಂಟು ಹುಟ್ಟುವ ಮೊದಲಿನ ಕಟ್ಟಡ. ಪಕ್ಕದಲ್ಲೇ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ಆಚೆ ನೂಲಿನ ಗಿರಣಿ. ಬೀಳುವ ನೀರಿನ ಬಲದಿಂದಲೇ 1880ರ ದಶಕದಲ್ಲಿ ಈ ಗಿರಣಿ ಓಡತೊಡಗಿತು. 1887ರಲ್ಲೇ ಇಲ್ಲಿ ಕರೆಂಟು ಹುಟ್ಟಿತು ಎನ್ನುವುದು ನಮ್ಮೂರವರು ಬಂದವರಿಗೆಲ್ಲ ಹೇಳುವ ಹೆಮ್ಮೆಯ ಮಾತು.

ಗುಡಿಯ ಕಟ್ಟೆಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಅಪ್ಪ ಒಂದು ಪ್ರಶ್ನೆ ಕೇಳಿದರು. "ನಮ್ಮಪ್ಪ ಕಲ್ಲಿನ ಗ್ವಾಡಿ ಎದಿಮಟ್ಟಕ್ಕನ ಯಾಕ ನಿಲ್ಲಿಸಿದ? ದುಡ್ಡು ಕಡಿಮಿ ಬಿದ್ದಿದ್ರ ಮೊಳಕಾಲಿಗೇ ನಿಲ್ಲಿಸಬೇಕಿತ್ತಲ್ಲ?" ನದಿ ಎಲ್ಲಿಯವರೆಗೆ ಬರಬಲ್ಲದು ಎಂಬ ಅಂದಾಜು ಅಜ್ಜನಿಗೆ ಇದ್ದಿರಬೇಕು. 2019ರಲ್ಲಿ ಮಣ್ಣಿನ ಗೋಡೆ ಉಳಿದದ್ದು ನೀರು ಕಲ್ಲನ್ನು ದಾಟಲಿಲ್ಲ ಎಂಬ ಕಾರಣಕ್ಕೇ. ಕಲ್ಲಿನ ಗೋಡೆ ಕೆಡವುವ ಮಾತು ಅಂದಿಗೆ ನಿಂತಿತು.

ಹುಕ್ಕೇರಿಯ ಗುಮ್ಮಟ, ಸುಣ್ಣದ ಪಾಠ

ಮುಂದಿನ ತಕರಾರು ಗಿಲಾವಿನದು. ಸಿಮೆಂಟ್ ಗಿಲಾವು ಮಾಡಿದರೆ ಬೇಗ ಮುಗಿಯುತ್ತದೆ, ಪೇಂಟೂ ಚೆನ್ನಾಗಿ ಕೂರುತ್ತದೆ. ಗೌಂಡಿ ಮಾತ್ರ ಒಲ್ಲೆ ಎಂದರು. ಮಣ್ಣಿನ ಗೋಡೆ ಹಸಿ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಒಳಗಿನ ಹಸಿ ಹೊರಗೆ ಬರಲು ದಾರಿಯಿಲ್ಲ. ಹೊರಗೆ ಗಟ್ಟಿ ಕಾಣುತ್ತದೆ, ಒಳಗೆ ಮಣ್ಣು ಮೆತ್ತಗಾಗುತ್ತದೆ. 2019ರ ನಂತರ ಅವಸರದಲ್ಲಿ ಬಳಿಸಿದ್ದ ಸಿಮೆಂಟು ಹಪ್ಪಳದ ಹಾಗೆ ಎದ್ದು ಬಿದ್ದಿದ್ದು ನಮ್ಮ ಕಣ್ಣೆದುರಿಗೇ ಇತ್ತು.

"ಸುಣ್ಣದ ಕೆಲಸ ಹೆಂಗ ಇರತೈತಿ ನೋಡಬೇಕಂದ್ರ ಹುಕ್ಕೇರಿಗೆ ಹೋಗಿ ಬರ್ರಿ" ಎಂದರು.

ಹುಕ್ಕೇರಿಗೆ ಹೋದೆವು. ಈ ಊರಿನ ಹೆಸರು ಹೂವಿನ ಕೆರೆಯಿಂದ ಬಂತು, ಇಲ್ಲಿಯ ಹೂವು ವಿಜಯಪುರದ ಸುಲ್ತಾನರಿಗೆ ಹೋಗುತ್ತಿತ್ತು ಎಂದು ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಆದಿಲ್‌ಶಾಹಿ ಕಾಲದ ಗುಮ್ಮಟಗಳಂತೂ ಊರಿನಲ್ಲಿ ನಿಂತಿವೆ. ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಇವು ಅದರ ತಮ್ಮಂದಿರ ಹಾಗೆ ಕಾಣುತ್ತವೆ. ಟಿಕೆಟ್ ಸಾಲು ಇಲ್ಲ, ಗೈಡ್ ಇಲ್ಲ. ಹೊರಗೆ ಏಪ್ರಿಲ್ ಬಿಸಿಲು, ದಪ್ಪ ಗೋಡೆಯ ನೆರಳಿಗೆ ಬಂದರೆ ತಂಪು. ಗಿಲಾವು ಅಲ್ಲಲ್ಲಿ ಹೋಗಿದೆ. ಹೋದ ಕಡೆ ಒಳಗಿನ ಕಲ್ಲು ಒಣಗಿಕೊಂಡೇ ಇದೆ. ಅಪ್ಪ ಗೋಡೆಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತಿದ್ದರು. "ಎಸಿ ಬ್ಯಾಡ ಬಿಡು ನಮಗ" ಎಂದರು. ಅಂದರೆ ಸುಣ್ಣಕ್ಕೆ ಒಪ್ಪಿದ ಹಾಗೆ.

ಸೋಮವಾರದಿಂದ ಹಿತ್ತಲಿನಲ್ಲಿ ಸುಣ್ಣ ಅರಳಿಸುವ ಕೆಲಸ ಶುರು. ಕಲ್ಲುಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಹತ್ತಿರ ಹೋಗುವಂತಿಲ್ಲ. ಗುಂಡಿಯಲ್ಲಿ ದಿನಗಟ್ಟಲೆ ನೆನೆಸಿಟ್ಟು, ಉಸುಕು ಕಲಸಿ, ಬೆಲ್ಲದ ನೀರು ಸೇರಿಸಿ ಬಳಿದರು. ಸುಣ್ಣ ಸಿಮೆಂಟಿನಂತೆ ಒಂದೇ ರಾತ್ರಿಯಲ್ಲಿ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಎರಡು ವಾರದ ಕೆಲಸ ಐದು ವಾರ ಹಿಡಿಯಿತು.

ಹುಕ್ಕೇರಿಯಿಂದ ಇನ್ನೊಂದು ವಿಷಯವೂ ತಿಳಿದುಬಂತು. ಇಲ್ಲಿಯ ಹಳ್ಳಿಗಳಿಗೆ ಕರೆಂಟು ಕೊಡುವುದು ಸಹಕಾರಿ ಸಂಘ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ರಾಜ್ಯದಲ್ಲಿ ಇಂಥದ್ದು ಇದೊಂದೇ. ಹಾಲಿನ ಸೊಸೈಟಿ ಕೇಳಿದ್ದೇವೆ, ಕರೆಂಟಿನ ಸೊಸೈಟಿ! ಅದನ್ನೇ ಮಾತಾಡುತ್ತ ಬರುವಾಗ ನಮ್ಮ ಮನೆಯ ವೈರಿಂಗ್ ನೆನಪಾಯಿತು. ನೆರೆ ಬಂದಾಗ ಮೊದಲು ಭಯ ಹುಟ್ಟಿಸುವುದು ನೀರಿನಲ್ಲಿ ಮುಳುಗಿದ ಪ್ಲಗ್ ಪಾಯಿಂಟ್. ಎಲೆಕ್ಟ್ರಿಷಿಯನ್ ಜೊತೆ ಕೂತು ಹೊಸದಾಗಿ ನಕ್ಷೆ ಹಾಕಿದೆವು. ಎಲ್ಲ ವೈರು ಮೇಲಿನಿಂದ ಇಳಿಯಬೇಕು, ನೆಲದಿಂದ ಏರಬಾರದು. ಸಾಕೆಟ್‌ಗಳು ಕಲ್ಲಿನ ಮಟ್ಟಕ್ಕಿಂತ ಮೇಲೆ. ಮೇನ್ ಬೋರ್ಡು ಅಟ್ಟದ ಎತ್ತರದಲ್ಲಿ. ಬಚ್ಚಲು, ಮೋಟರಿಗೆ ಬೇರೆ ಎಂಸಿಬಿ. ನೋಡಲು ಚಂದವಿಲ್ಲ, ಫೋನ್ ಚಾರ್ಜಿಗೆ ಕೈ ಎತ್ತಬೇಕು. ಆದರೂ ಅದೇ ಸರಿ ಅನಿಸಿತು.

ನೀರೊಳಗಿನ ಗುಡಿ

ಏಪ್ರಿಲ್ ಕೊನೆಯಲ್ಲಿ ಕಾಕಾ ಮತ್ತೆ ಬಂದರು. ಅವರ ಮಾತಿನಲ್ಲೂ ಹುರುಳಿತ್ತು. "ಇಷ್ಟೆಲ್ಲ ಖರ್ಚ ಮಾಡ್ತೀರಿ. ಬರೂ ವರ್ಷ ಮತ್ತ ನೀರ್ ಬಂದ್ರ?" ನನ್ನ ಬಳಿ ಉತ್ತರವಿರಲಿಲ್ಲ. ಆ ಭಾನುವಾರ ಕಾಕಾನನ್ನೂ ಕರೆದುಕೊಂಡು ಹೊಳೆಯ ಬೆನ್ನು ಹಿಡಿದು ಮೇಲಕ್ಕೆ ಹೊರಟೆವು.

ಮೊದಲು ಧೂಪದಾಳ. ಬ್ರಿಟಿಷರ ಕಾಲದ ಕಲ್ಲಿನ ಒಡ್ಡು. ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಇಲ್ಲಿಂದಲೇ. ಒಡ್ಡಿನ ಹಿನ್ನೀರು 1974ರಿಂದ ಪಕ್ಷಿಧಾಮ. ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು ಬರುತ್ತವೆ. ನಾವು ಹೋದಾಗ ಅವು ಹೋಗಿಯಾಗಿತ್ತು. ಬೆಳ್ಳಕ್ಕಿ, ನೀರುಕಾಗೆ ಮಾತ್ರ ಕಲ್ಲಿನ ಮೇಲೆ ರೆಕ್ಕೆ ಒಣಗಿಸುತ್ತಿದ್ದವು.

ಅಲ್ಲಿಂದ ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್. ರಾಜಾ ಲಖಮಗೌಡ ಜಲಾಶಯ ಎಂಬುದು ಅದರ ಪೂರ್ತಿ ಹೆಸರು. ಹಿಡಿಯುವ ನೀರು 51 ಟಿಎಂಸಿ. ಮಳೆಗಾಲದಲ್ಲಿ ನಾವು ಗೋಕಾಕದವರು ದಿನಾ ಹೆಸರು ಹೇಳುವ ಜಾಗ ಇದು. "ಹಿಡಕಲ್ ಎಷ್ಟ್ ಬಿಟ್ಟಾರಂತ?" ಎನ್ನುವುದೇ ಆಗ ನಮ್ಮ ಓಣಿಯ ನಮಸ್ಕಾರ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲ ಗುಡಿ ನೀರಿನಿಂದ ಹೊರಗೆ ಬರುತ್ತದೆ. ವರ್ಷದ ಬಹುಪಾಲು ಮುಳುಗಿಯೇ ಇರುವ ಕಲ್ಲಿನ ಗುಡಿ. ಒಣಗಿ ಬಿರಿದ ಕೆಸರಿನ ಮೇಲೆ ಹೆಜ್ಜೆ ಇಡುತ್ತ ಹೋದೆವು. ಕಂಬಗಳ ಮೇಲೆ ನೀರಿನ ಗೆರೆಗಳು, ಮೂಲೆಯಲ್ಲಿ ಶಂಖದ ಹುಳುವಿನ ಚಿಪ್ಪು. ಯಾರೋ ಊದುಬತ್ತಿ ಹಚ್ಚಿ ಹೋಗಿದ್ದರು.

ದರ್ಶನಕ್ಕೆ ಬಂದಿದ್ದ ಒಬ್ಬ ಅಜ್ಜ ನೆರಳಿಗೆ ಕೂತಿದ್ದರು. ಅವರ ಹಿರಿಯರ ಮನೆ ಇಲ್ಲೇ ಎಲ್ಲೋ ಇತ್ತಂತೆ. ಕೈ ಮಾಡಿ ತೋರಿಸಿದರು, ಅಲ್ಲಿ ಬರೀ ಬಯಲು. ಕಾಕಾ ಮಾತಿಗೆ ಮಾತು ಬಂದು ನಮ್ಮ ಮನೆಯ ಕಥೆ ಹೇಳಿದರು. ನೆರೆ, ಸೊಂಟಮಟ್ಟದ ನೀರು, ರಿಪೇರಿ, ಖರ್ಚು.

ಅಜ್ಜ ಎಲ್ಲ ಕೇಳಿ ಹೇಳಿದರು, "ನಿಮ್ಮ ಮನಿಗೆ ಬಂದ ನೀರು ಹೊಳ್ಳಿ ಹೋತಲ್ರಿ. ನಮಗ ಬಂದದ್ದು ಹೋಗಲೇ ಇಲ್ಲ."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದೇ ನೀರಿನಿಂದ ಎಷ್ಟೋ ಹೊಲಗಳು ಹಸಿರಾದವು ಎಂದು ಅವರೇ ಹೇಳಿದರು. ಆದರೆ ವಾಪಸು ಬರುವಾಗ ಕಾರಿನಲ್ಲಿ ಯಾರೂ ಪ್ಲಾಟಿನ ಮಾತು ಎತ್ತಲಿಲ್ಲ. ಘಟಪ್ರಭಾ ಸ್ಟೇಷನ್ ದಾಟಿದ ಮೇಲೆ ಕಾಕಾ ಕೇಳಿದ್ದು ಇಷ್ಟೇ. "ನೀರ್ ಬಂದ್ರ ಸಾಮಾನ ಎಲ್ಲಿ ಇಡ್ತೀರಿ? ಅದನ್ನ ವಿಚಾರ ಮಾಡೀರೇನು?"

ಅದು ಸರಿಯಾದ ಪ್ರಶ್ನೆ. ನೀರು ಬರದಂತೆ ತಡೆಯುವುದು ನಮ್ಮ ಕೈಯಲ್ಲಿಲ್ಲ. ಬಂದರೆ ಜೀವ, ಕಾಗದಪತ್ರ, ಕಾಳುಕಡಿ ಉಳಿಯಬೇಕು. ಹೋದ ಮೇಲೆ ಮನೆ ಬೇಗ ತೊಳೆದು ಒಣಗಬೇಕು. ರಿಪೇರಿಯ ಲೆಕ್ಕ ಅಲ್ಲಿಂದ ಬದಲಾಯಿತು.

ಮೂಡಲಗಿಯ ಕಂಬಗಳು

ಅಪ್ಪನ ಸ್ಲ್ಯಾಬಿನ ಆಸೆಗೂ ಒಂದು ದಾರಿ ಸಿಕ್ಕಿತು. ಸೋರುತ್ತಿದ್ದ ಹಿಂದಿನ ಅರ್ಧ ಭಾಗವನ್ನು ಮಾತ್ರ ಇಳಿಸಿ, ಹೊಸ ಪಿಲ್ಲರ್ ಎಬ್ಬಿಸಿ, ಅಡುಗೆಮನೆಯ ಮೇಲೆ ಸ್ಲ್ಯಾಬ್ ಹಾಕುವುದು. ಅದಕ್ಕೆ ಒಳಗಿನಿಂದಲೇ ಮೆಟ್ಟಿಲು. ನೆರೆ ಬಂದರೆ ಸಾಮಾನು, ಮನುಷ್ಯರು ಎಲ್ಲ ಮೇಲೆ. ಮುಂದಿನ ಪಡಸಾಲೆ ಅವ್ವನದು, ತೊಲೆ, ಜಂತಿ ಸಮೇತ.

ಆದರೆ ಪಡಸಾಲೆಯ ಎರಡು ಕಂಬಗಳ ಬುಡ ನೀರಿಗೆ ಕೊಳೆತಿತ್ತು. ಹಳೆ ಸಾಗವಾನಿ ಕಂಬ ಹುಡುಕಿಕೊಂಡು ಅವ್ವನ ತವರಿನ ಕಡೆ, ಮೂಡಲಗಿಗೆ ಹೋದೆವು. ಕೆಲವು ವರ್ಷಗಳ ಹಿಂದೆ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಊರು. ದಾರಿಯುದ್ದಕ್ಕೂ ಕಬ್ಬು. ಧೂಪದಾಳದಲ್ಲಿ ನೋಡಿದ ಕಾಲುವೆಯ ಫಲ ಈ ಕಡೆ ಕಣ್ಣಿಗೆ ಬೀಳುತ್ತದೆ. ಕಲ್ಲೋಳಿಯಲ್ಲಿ ಹನುಮಪ್ಪನಿಗೆ ಕಾಯಿ ಒಡೆಸಿ, ಮೂಡಲಗಿಯಲ್ಲಿ ಶಿವಬೋಧರಂಗ ಮಠಕ್ಕೆ ಹೋದೆವು. ಅವ್ವ ಸಣ್ಣವಳಿದ್ದಾಗ ಜಾತ್ರೆಗೆ ಬರುತ್ತಿದ್ದ ಜಾಗ. ಅಂಗಳದಲ್ಲಿ ಕೂತು ಅವ್ವ ಯಾವ ಅಂಗಡಿ ಎಲ್ಲಿರುತ್ತಿತ್ತು ಎಂದು ಒಂದೊಂದೇ ಹೇಳಿದಳು. ಅರವತ್ತು ದಾಟಿದ ಅವ್ವ ಬಳೆ ಕೊಂಡಳು.

ಈ ಭಾಗದ್ದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಅಡಿಪಾಯ ಆಳಕ್ಕೆ ಹೋಗದಿದ್ದರೆ ಹೊಸ ಆರ್‌ಸಿಸಿ ಮನೆಗೂ ಬಿರುಕು ಬರುತ್ತದೆ. ಸಂಬಂಧಿಕರ ಮನೆಯಲ್ಲಿ ಬಾಗಿಲ ಮೇಲಿನಿಂದ ಓರೆಯಾಗಿ ಹೋದ ಬಿರುಕನ್ನು ಅಪ್ಪನೇ ಮೊದಲು ಗುರುತಿಸಿದರು. ಹೊಸ ಪಿಲ್ಲರಿನ ಗುಂಡಿ ಗಟ್ಟಿ ನೆಲ ಸಿಗುವವರೆಗೆ ತೋಡಬೇಕೆಂದು ಅಲ್ಲಿಂದಲೇ ಗೌಂಡಿಗೆ ಫೋನ್ ಹಚ್ಚಿದರು.

ಕಂಬ ಸಿಕ್ಕವು. ಹತ್ತಿರದ ಹಳ್ಳಿಯಲ್ಲಿ ಹಳೆ ವಾಡೆ ಕೆಡವಿದವರು ಹಿತ್ತಲಿನಲ್ಲಿ ಒಟ್ಟಿದ್ದರು. ಮೇಲೆ ಗಿಳಿ, ಬಾಳೆಹೂವಿನ ಕೆತ್ತನೆ. ಕೆಡವಿದ ಮನೆಯ ಕಂಬ ತಂದು ನಿಲ್ಲಿಸುವುದು ಸರಿಯೋ ಎಂದು ಅಪ್ಪ ಅನುಮಾನಿಸಿದರು. ಅವ್ವ ಅಂದಳು, "ಒಂದ್ ಮನಿ ಹೋದ್ರೂ ಕಂಬಕ್ಕ ಕೆಲಸಾ ಸಿಗಲಿ." ಟ್ರ್ಯಾಕ್ಟರಿನಲ್ಲಿ ತಂದೆವು. ಕಲ್ಲಿನ ಕೂರುಗಲ್ಲು ಒಂದು ಅಡಿ ಎತ್ತರಿಸಿ, ಅದರ ಮೇಲೆ ಕಂಬ ನಿಲ್ಲಿಸಿದರು.

ಮೇ ಕೊನೆಗೆ ಎಲ್ಲಿಗೆ ಬಂತು?

ನೆಲಕ್ಕೆ ಟೈಲ್ಸ್ ಬಿಟ್ಟು ಪರಸಿ ಹಾಕಿಸಿದೆವು. ಅಂಗಳದ ಕಡೆಗೆ ಸಣ್ಣ ಇಳಿಜಾರು, ಗೋಡೆಯ ಬುಡದಲ್ಲಿ ನೀರು ಹೋಗಲು ಎರಡು ಕಿಂಡಿ. ಪ್ಲೈವುಡ್ ಬಾಗಿಲು ತೆಗೆದು ಹಲಗೆಯ ಬಾಗಿಲು. ಅಜ್ಜನ ಕಾಲದ ಹೆಬ್ಬಾಗಿಲು ಮೂರು ನೆರೆ ಕಂಡರೂ ಏನೂ ಆಗಿರಲಿಲ್ಲ, ಬರೀ ಎಣ್ಣೆ ಕೇಳಿತು. ತಿಜೋರಿ, ಮಿಕ್ಸರ್, ಇನ್ವರ್ಟರ್ ಎಲ್ಲ ಎತ್ತರದ ಕಟ್ಟೆಗೆ. ಅಂದಾಜು 6 ಲಕ್ಷ ಇತ್ತು, 7 ಲಕ್ಷ 80 ಸಾವಿರ ಆಯಿತು. ಕೊನೆಯ ಒಂದು ಲಕ್ಷ ಕಾಕಾ ಕೊಟ್ಟರು. "ಸಾಲ ಅಲ್ಲ, ಪಾಲು" ಎಂದರು.

ಹಳೆ ಅಟ್ಟ ಇಳಿಸುವಾಗ ನನ್ನ ಬಾಲ್ಯದ ಗೋಕಾಕದ ಆಟಿಗೆಯ ಬುಟ್ಟಿ ಸಿಕ್ಕಿತು. ಬಣ್ಣದ ಮಾವಿನಹಣ್ಣು, ಬದನೆಕಾಯಿ, ಸೀತಾಫಲ. ನಮ್ಮೂರ ಕುಶಲಕರ್ಮಿಗಳ ಈ ಆಟಿಗೆಗಳು ಒಂದು ಕಾಲಕ್ಕೆ ಪ್ರತಿ ಮನೆಯ ಗೌರಿ, ಗಣಪತಿ ಹಬ್ಬದ ಅಲಂಕಾರ. ಅಟ್ಟದ ಮೇಲೆ ಇದ್ದದ್ದಕ್ಕೆ ಉಳಿದವು.

ನೀವು ಬರುವುದಾದರೆ

ಫಾಲ್ಸಿಗೆ ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಹೊಳೆ ತುಂಬಿದಾಗ ಬಂಡೆಯಂಚಿಗೆ ಹೋಗಬೇಡಿ, ತೂಗುಸೇತುವೆಗೆ ಬಿಡುತ್ತಾರೋ ಇಲ್ಲವೋ ಅಲ್ಲೇ ಕೇಳಿಕೊಳ್ಳಿ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತವೂ ಮಳೆಗಾಲದ್ದೇ, ನಾವು ಅದನ್ನು ಇನ್ನೂ ನೋಡಬೇಕಿದೆ. ಧೂಪದಾಳಕ್ಕೆ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು. ಹುನ್ನೂರಿನ ಗುಡಿಗೆ ಏಪ್ರಿಲ್, ಮೇ, ಅದೂ ನೀರು ಎಷ್ಟು ಇಳಿದಿದೆ ನೋಡಿಕೊಂಡು. ಹುಕ್ಕೇರಿಯ ಗುಮ್ಮಟ ಯಾವಾಗಲಾದರೂ ಸರಿ, ಟೋಪಿ ಇರಲಿ. ರೈಲಿಗೆ ಘಟಪ್ರಭಾ ಸ್ಟೇಷನ್ ಅನುಕೂಲ. ಹೋಗುವಾಗ ಕರದಂಟು ಮರೆಯಬೇಡಿ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಸೇರಿದ ಈ ಸಿಹಿ ಬಹಳ ದಿನ ಕೆಡುವುದಿಲ್ಲ.

ನಾನು ಪುಣೆಗೆ ಹೊರಡುವ ಮೊದಲು ಕೆಲಸದವರಿಗೆಲ್ಲ ಹೋಳಿಗೆ ಊಟ ಹಾಕಿ, ಒಂದೊಂದು ಡಬ್ಬಿ ಕರದಂಟು ಕೊಟ್ಟೆವು. ಪಡಸಾಲೆಯ ಕಲ್ಲಿನ ಮೇಲೆ 2019ರ ನೀರಿನ ಗೆರೆ ಇನ್ನೂ ಕಾಣುತ್ತಿತ್ತು. ಅದರ ಮೇಲೂ ಸುಣ್ಣ ಹೊಡೆಯಲೇ ಎಂದು ಗೌಂಡಿ ಕೇಳಿದರು. ಅಪ್ಪ ಬೇಡವೆಂದರು. ಆ ಮಟ್ಟಕ್ಕೆ ಉಳಿಯಿಂದ ಸಣ್ಣ ಗೀಟು ಹೊಡೆಸಿ, ಪಕ್ಕದಲ್ಲಿ ವರ್ಷ ಕೊರೆಸಿದರು. ಮುಂದೆ ಈ ಮನೆ ರಿಪೇರಿ ಮಾಡಿಸುವವರಿಗೆ ಅಜ್ಜನ ಹಾಗೆ ಅಂದಾಜು ಇರಲಿ ಎಂದು.

ಈಗ ಮಿರಗ ಕೂಡಿದೆ. ಅಪ್ಪ ದಿನಾ ಬೆಳಿಗ್ಗೆ ಹಿಡಕಲ್ ಜಲಾಶಯದ ಮಟ್ಟ ಎಷ್ಟಿದೆ ಎಂದು ಫೋನಿನಲ್ಲಿ ನೋಡಿ ನನಗೂ ಕಳಿಸುತ್ತಾರೆ. ಅವ್ವ ವಿಡಿಯೋ ಕಾಲ್‌ನಲ್ಲಿ ಸುಣ್ಣದ ಗೋಡೆ ತೋರಿಸುತ್ತಾಳೆ. ಉತ್ತರದ ಮೂಲೆಯಲ್ಲಿ ಇನ್ನೂ ಸ್ವಲ್ಪ ಹಸಿ ಇದೆಯಂತೆ.